ಮುಂದೆ ಯೂನಿಫಾರಂ, ಹಿಂದೆ ಕುರಿಮಂದೆ

ಕುರಿ ಹುಲ್ಲು ತಿನ್ನುತ್ತದೆ, ಕರೆಂಟು ತಿನ್ನುವುದಿಲ್ಲ. ಇದನ್ನು ಅಚ್ಚು ಹಾಕಿಸಿ ಹೇಳಬೇಕಾಗಿ ಬಂದಿದೆ ಎಂಬುದೇ ನಾಚಿಕೆಗೇಡು. ಶಿರಾ ತಾಲ್ಲೂಕಿನ ತಾವರೆಕೆರೆ ಹೋಬಳಿಯಲ್ಲಿ ಕೆಂಪುಗುಡ್ಡ ಅಂತ ಒಂದು ಬೋಳು ಗುಡ್ಡ. ಅದರ ತಪ್ಪಲಿನಲ್ಲಿ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಲೇಟುಗಳನ್ನು ನಿಲ್ಲಿಸಿ, ಸುತ್ತ ತಂತಿಬೇಲಿ ಎಳೆದರು. ಪಹಣಿ ಇದ್ದವರನ್ನು ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಗುತ್ತಿಗೆ ಮಾತಾಡಿದರು. ಆ ಹೊಲಗಳ ನಡುವೆ ತಾತಂದಿರ ಕಾಲದಿಂದ ಹಾದುಹೋಗುತ್ತಿದ್ದ ಕುರಿದಾರಿಗೆ ಪಹಣಿ ಇರಲಿಲ್ಲ. ಬೆಳೆ ಕೊಯ್ದ ಹೊಲದಲ್ಲಿ ಕುರಿ ಮೇಯಿಸಿ, ಗುಡ್ಡದ ಹಿಂದಿನ ಕಟ್ಟೆಯಲ್ಲಿ ನೀರು ಕುಡಿಸಿಕೊಂಡು ಬದುಕುತ್ತಿದ್ದ ಗೊಲ್ಲರಹಟ್ಟಿಯವರಿಗೂ ಇರಲಿಲ್ಲ. ಅವರು ಬೇಡ ಎನ್ನಲಿಲ್ಲ. ಬೇಕೇ ಎಂದು ಕೇಳಿದವರೇ ಇಲ್ಲದಿದ್ದಾಗ ಬೇಡ ಎನ್ನುವುದು ಯಾರಿಗೆ?

ಆ ಹಟ್ಟಿಯ ಚಿಕ್ಕರಾಜು ಅದೇ ಬೇಲಿ ಕಾಯುವ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ. ಯೂನಿಫಾರಂ ಮೈಗೆ ಒಗ್ಗುವ ಮೊದಲೇ ಬಿಟ್ಟ. "ಇವರಿಗೆ ಕೆಲಸ ಕೊಟ್ಟರೂ ಉಳಿಸಿಕೊಳ್ಳುವ ಯೋಗ್ಯತೆ ಇಲ್ಲ" ಎಂದು ಹೋಟೆಲಿನ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟವರಿದ್ದಾರೆ. ತೀರ್ಪು ಆಗಿಹೋಗಿದೆ. ಈಗಲಾದರೂ ಅವರು ನಡೆದದ್ದನ್ನು ಓದಲಿ.

ಚಿಕ್ಕರಾಜು ಹೈಸ್ಕೂಲು ಮುಗಿಸಿ ಕುರಿಗಳ ಹಿಂದೆ ಹೋದವನು. ಅವನ ಅಪ್ಪ ಕ್ಯಾತಪ್ಪನಿಗೆ ಮಂಡಿ ಹಿಡಿದುಕೊಂಡ ಮೇಲೆ ಮಂದೆಯ ಭಾರವೆಲ್ಲ ಮಗನ ಮೇಲೆ ಬಿತ್ತು. ಭಾರ ಎಂದು ಅವನಿಗೇನೂ ಅನ್ನಿಸಿರಲಿಲ್ಲ. ಹೆಗಲ ಮೇಲೆ ದೊಣ್ಣೆ ಹಾಕಿಕೊಂಡು, ಮೊಬೈಲಿನಲ್ಲಿ ಹಾಡು ಕೇಳುತ್ತ ತಿರುಗುತ್ತಿದ್ದ. ಸಂಜೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರೆ ಗುಡ್ಡದ ಮೂಲೆಮೂಲೆಯಿಂದ ಕುರಿಗಳು ಇಳಿದು ಬರುತ್ತಿದ್ದವು. ಅದೊಂದು ವಿದ್ಯೆ ಅಂತ ಅವನು ತಿಳಿದಿರಲಿಲ್ಲ. ಉಸಿರಾಡುವುದನ್ನು ಯಾರು ವಿದ್ಯೆ ಅನ್ನುತ್ತಾರೆ?

ಅವನಿಗೆ ಕೆಲಸ ಬೇಕಾಗಿದ್ದು ಹೆಣ್ಣು ನೋಡಲು ಹೋದಾಗ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಟ್ಟಿಯೊಂದರಲ್ಲಿ ಪೆದ್ದಣ್ಣ ಎಂಬುವರ ಮಗಳು ಚಿತ್ರಾ. ಡಿಗ್ರಿ ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಪೆದ್ದಣ್ಣ ಬಂದವರಿಗೆ ಬೊಂಡ, ಕಾಫಿ ಎಲ್ಲ ಕೊಟ್ಟು, ಎಲೆಅಡಿಕೆ ತಟ್ಟೆ ಮುಂದಿಟ್ಟು, ಆಮೇಲೆ ಮೆಲ್ಲಗೆ ಬಾಯಿಬಿಟ್ಟರು.

"ಏಮಯ್ಯಾ ಕ್ಯಾತಪ್ಪ, ಕುರಿ ಅಂದ್ರೆ ನಂಗೇನು ತಾತ್ಸಾರ ಇಲ್ಲ. ನಾನೂ ಕುರಿ ಹಿಂದೆ ತಿರುಗ್ದೋನೇ ಕದಾ. ತಿರುಗಿದ್ದಕ್ಕೇ ಹೇಳ್ತಿದೀನಿ. ವದ್ದು. ನನ್ ಮಗಳಿಗೆ ಬ್ಯಾಡ."

ಕ್ಯಾತಪ್ಪ ತಲೆ ತಗ್ಗಿಸಿ ಅಡಿಕೆ ಅಗಿದ. ಹೊರಗೆ ನೀರಿನ ತೊಟ್ಟಿಯ ಹತ್ತಿರ ಚಿತ್ರಾ ಲೋಟ ತೊಳೆಯುತ್ತಿದ್ದಳು. ಕೈತೊಳೆಯುವ ನೆಪದಲ್ಲಿ ಚಿಕ್ಕರಾಜು ಹೋದ. ಅವಳು ಸುತ್ತುಬಳಸಿ ಮಾತಾಡಲಿಲ್ಲ.

"ನಮ್ಮಪ್ಪ ಮಂದೆ ಹೊಡ್ಕೊಂಡು ಅನಂತಪುರದ ಕಡೆ ಹೋದ್ರೆ ಹಬ್ಬಕ್ಕೊಂದ್ಸಲ ಮನೆಗೆ ಬರೋರು. ನಾನು ಹುಟ್ಟಿದಾಗ ಯಾವ ಊರ ಹೊಲದಲ್ಲಿ ಮಲಗಿದ್ರೋ ಅವರಿಗೇ ಗೊತ್ತಿಲ್ಲ. ನಮ್ಮಮ್ಮ ಅಂಗೆ ಬದುಕಿದ್ಳು. ನನ್ ಕೈಲಿ ಆಗಲ್ಲ. ನೀವು ಸಂಜೆ ಮನೆಗೆ ಬರೋ ಕೆಲ್ಸ ಯಾವ್ದಾದ್ರೂ ನೋಡ್ಕಳಿ. ಸಂಬಳ ಎಷ್ಟು ಅಂತ ನಾನು ಕೇಳಲ್ಲ."

"ನೋಡ್ಕಂಡ್ರೆ?"

"ನೋಡ್ಕಂಡು ಬನ್ನಿ, ಆಮೇಲೆ ಹೇಳ್ತೀನಿ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ನಕ್ಕಳು. ಆ ನಗು ನೋಡಿ ಚಿಕ್ಕರಾಜು ಕರಗಿಹೋದ ಎಂದು ಬೇರೆ ಹೇಳಬೇಕಾಗಿಲ್ಲ.

ಅವಳನ್ನು ಬೈಯಲು ಹೊರಡಬೇಡಿ. ಸಂಜೆ ಗಂಡ ಮನೆಗೆ ಬರಲಿ ಎಂದು ಕೇಳುವುದು ದುರಾಸೆಯಲ್ಲ.

ಮೂರು ತಾಲ್ಲೂಕು ಅಲೆದರೂ ಇವನಿಗೆ ಕೆಲಸ ಸಿಗಲಿಲ್ಲ. ಮಧುಗಿರಿಯ ಬಟ್ಟೆ ಅಂಗಡಿಯಲ್ಲಿ ಅನುಭವ ಕೇಳಿದರು, ಶಿರಾದ ಗ್ಯಾರೇಜಿನಲ್ಲಿ ವಯಸ್ಸಾಯಿತು ಅಂದರು. ಕೊನೆಗೆ ಕೆಲಸ ಮನೆಯ ಹತ್ತಿರವೇ, ಕೆಂಪುಗುಡ್ಡದ ಬೇಲಿಯೊಳಗೆ ಸಿಕ್ಕಿತು. ಅಲ್ಲಿ ಕಾವಲಿನ ಗುತ್ತಿಗೆ ಹಿಡಿದವರ ಸೂಪರ್‌ವೈಸರ್ ಪರಮೇಶ್, ಮಧುಗಿರಿಯವನು, ಇವನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದ.

"ಯಾವ ಹಟ್ಟಿ?"

"ಇದೇ ಸಾರ್, ಗುಡ್ಡದ ಕೆಳಗಿಂದು."

"ನಾಳೆಯಿಂದ ಬಾ. ಪಡುವಲ ಕಡೆ ಬೇಲಿ ನಿಂದು. ನಿಮ್ಮೋರು ನಾವು ಬಾಯಿ ಬಡ್ಕಂಡ್ರೂ ಕೇಳಲ್ಲ ಕಣಯ್ಯ. ತಂತಿ ಎತ್ತಿ ಕುರಿ ನುಗ್ಗುಸ್ತಾರೆ. ನೀನು ಹೇಳಿದ್ರೆ ಕೇಳ್ತಾರೆ."

ಈ ಬುದ್ಧಿ ಪರಮೇಶನ ಸ್ವಂತದ್ದಲ್ಲ. ಜನರ ಮೇಲೆ ಬೇಲಿ ಹಾಕುವವರೆಲ್ಲ ಕಾಯುವುದಕ್ಕೆ ಅವರವರನ್ನೇ ಹುಡುಕುತ್ತಾರೆ. ಕಲ್ಲು ಬಿದ್ದರೆ ನೆಂಟನ ಮೇಲೆ ಬೀಳುತ್ತದೆ, ಆದ್ದರಿಂದ ಕಲ್ಲು ಬೀಳುವುದಿಲ್ಲ. ಚಿಕ್ಕರಾಜುವಿಗೂ ಅದು ತಿಳಿಯಿತು. ತಿಳಿದೂ ಹೂಂ ಅಂದ. ನೀವಾಗಿದ್ದರೆ ಏನು ಅನ್ನುತ್ತಿದ್ದಿರಿ?

ನೀಲಿ ಪ್ಯಾಂಟು, ತಿಳಿನೀಲಿ ಅಂಗಿ, ಟೋಪಿ, ಕುತ್ತಿಗೆಗೆ ವಿಷಲ್ಲು ಹಾಕಿಕೊಂಡು ಅವನು ಹೊರಟ ದಿನ ಹಟ್ಟಿಯ ಹೆಂಗಸರು ನೀರು ಹಿಡಿಯುವುದು ಬಿಟ್ಟು ನೋಡಿದರು.

"ಏನ್ಲಾ ಚಿಕ್ಕ, ಪೊಲೀಸಾಗ್ಬುಟ್ಯಾ? ಮೊದ್ಲು ನಮ್ಮ ಹುಂಜ ಕದ್ದೋನ್ನ ಹಿಡ್ಕೊಡ್ಲಾ" ಎಂದು ಒಬ್ಬಳು ಕೂಗಿದಳು.

"ನಿನ್ ಗಂಡನ್ನ ಕೇಳಕ್ಕೋ, ಸಾರು ಕುಡ್ದೋನು ಅವನೇ" ಎಂದ ಇವನು.

ಕುರಿರೊಪ್ಪದ ಬಾಗಿಲಲ್ಲಿ ಕ್ಯಾತಪ್ಪ ಎದ್ದು ನಿಂತು ಸೆಲ್ಯೂಟು ಹೊಡೆದ. "ಸಾಹೇಬ್ರೆ, ನಮ್ಮ ಕುರಿ ಬೇಲಿ ಪಕ್ಕಕ್ಕೆ ಬಂದ್ರೆ ಏನ್ ಮಾಡ್ತೀರಾ?"

"ನಿನ್ನ ಬುಟ್ಟು ಕುರಿನ ಹಿಡ್ಕತೀನಿ ಕಣಪ್ಪ. ನಿನ್ನ ಕಟ್ಕಂಡು ಕಂಪನಿಗೇನು ಲಾಭ."

ಕ್ಯಾತಪ್ಪ ಮಂಡಿ ನೋವು ಮರೆತು ನಕ್ಕ. ಅವ್ವ ಗೌರಕ್ಕ ಮಾತ್ರ ನಗಲಿಲ್ಲ. ಇನ್ನು ಮಂದೆಯ ಹಿಂದೆ ಗಂಡನೇ ಕುಂಟಬೇಕಲ್ಲ ಎಂಬ ಲೆಕ್ಕ ಅವಳ ತಲೆಯಲ್ಲಿ ಓಡುತ್ತಿತ್ತು. ಪಾವಗಡದಿಂದ ಪೆದ್ದಣ್ಣನ ಫೋನು ಬಂತು: "ಮಂಚಿದಯ್ಯಾ, ಒಳ್ಳೇದಾಯ್ತು, ಶ್ರಾವಣದಾಗೆ ಹೂ ಮುಡ್ಸೋ ಶಾಸ್ತ್ರ ಮಾಡಾನ." ಆಗ ಅವಳೂ ನಕ್ಕಳು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಹಟ್ಟಿಯವರು ಚಿಕ್ಕರಾಜುವಿನ ಮುಖ ನೋಡಿ ಕುರಿಗಳನ್ನು ದೂರದಿಂದಲೇ ತಿರುಗಿಸಿಕೊಂಡು ಹೋಗುತ್ತಿದ್ದರು. ಮಳೆ ಬಿದ್ದ ಮೇಲೆ ಕಷ್ಟ ಶುರುವಾಯಿತು. ಹೊರಗಿನ ಹೊಲಗಳಿಗೆಲ್ಲ ಕಡಲೆಕಾಯಿ ಬಿತ್ತಿದರು. ಒಂದು ಕಡೆ ಕಡಲೆಕಾಯಿ, ಇನ್ನೊಂದು ಕಡೆ ತಂತಿ, ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಹೊಲಕ್ಕೆ ಬಾಯಿ ಹಾಕಿದರೆ ರೈತನ ಬೈಗುಳ, ಬೇಲಿಗೆ ಮೂತಿ ಇಟ್ಟರೆ ಕಂಪನಿಯ ಬೈಗುಳ. ಬೇಲಿಯೊಳಗೋ, ಪ್ಲೇಟು ತೊಳೆದ ನೀರು ತೊಟ್ಟಿಕ್ಕಿ ಸಾಲುಸಾಲಿಗೆ ಹಸಿರು ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅದನ್ನು ಕೂಲಿಯವರಿಂದ ಕೊಯ್ಯಿಸಿ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಕೊಳೆಸುತ್ತಿದ್ದರು. ಹಸಿ ಹುಲ್ಲು ಕೊಯ್ದ ವಾಸನೆ ಗಾಳಿಯಲ್ಲಿ ಬಂದಾಗ ಹೊರಗಿನ ಕುರಿಗಳು ನಿಂತುಬಿಡುತ್ತಿದ್ದವು.

ಪಡುವಣ ಬೇಲಿಯನ್ನು ಒಂದು ಹಳ್ಳ ದಾಟುತ್ತದೆ. ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗಿ ತಂತಿಯ ಕೆಳಗೆ ಕಿಂಡಿ ಬಿದ್ದಿತ್ತು. ಚಿಕ್ಕರಾಜು ಅದನ್ನು ಪರಮೇಶನಿಗೆ ತೋರಿಸಿದ್ದ. "ಸಿಮೆಂಟು ಬರ್ತೈತೆ ಬುಡು" ಎಂದು ಪರಮೇಶ್ ಹೇಳಿದ್ದ. ಸಿಮೆಂಟು ಬರುವ ಮೊದಲು ಕ್ಯಾತಪ್ಪನ ಮಂದೆ ಬಂತು.

ಬೆಳಗಿನ ಬಿಸಿಲು ಏರುವ ಹೊತ್ತು. ಅಪ್ಪ ಬಹಳ ಹಿಂದೆ ಕುಂಟುತ್ತ ಬರುತ್ತಿದ್ದ, ಕುರಿಗಳು ಮುಂದೆ ಹಳ್ಳಕ್ಕೆ ಇಳಿಯುತ್ತಿದ್ದವು. ಕಿಂಡಿಯ ಕಡೆ ಹೋಗದಿರಲಿ ಎಂದು ಚಿಕ್ಕರಾಜು ಬೇಲಿಯೊಳಗಿಂದ "ಹುಯ್, ಆಚೆ ಹೋಗ್ರಲಾ, ಹುಯ್" ಎಂದು ಕೂಗಿದ. ಎಲ್ಲ ಕುರಿಗಳ ತಲೆ ಒಟ್ಟಿಗೆ ಎದ್ದಿತು. ಎಷ್ಟೋ ದಿನಗಳಿಂದ ಕೇಳದ ದನಿ ಅದು. ಒಂದು ಮುದಿ ಕುರಿ ಅರಚಿತು, ಓಡಿತು, ಅದರ ಹಿಂದೆ ಮಂದೆಗೆ ಮಂದೆಯೇ ಓಡಿತು. ಆಚೆಗಲ್ಲ, ಅವನ ಕಡೆಗೆ. ಕಿಂಡಿಯೊಳಗೆ ತಲೆ ತೂರಿಸಿ, ಹೊಟ್ಟೆ ಎಳೆದು, ಒಂದರ ಬೆನ್ನಿಗೊಂದು ನುಗ್ಗಿದವು.

ಚಿಕ್ಕರಾಜು ಗಾಬರಿಬಿದ್ದು ಕಂಪನಿಯ ವಿಷಲ್ಲು ಊದಿದ. ಸೀಟಿ ಎಂದರೆ ಆ ಕುರಿಗಳಿಗೆ ಒಂದೇ ಅರ್ಥ: ಎಲ್ಲಿದ್ದರೂ ಬನ್ನಿ. ಆಚೆ ಹಳ್ಳದಲ್ಲಿ ಉಳಿದಿದ್ದವೂ ಬಂದವು.

ಕ್ಯಾತಪ್ಪ ಬಂದು ತಂತಿ ಹಿಡಿದು ಏದುಸಿರು ಬಿಡುತ್ತ ನಿಂತ. "ಬಾಯಿ ಮುಚ್ಕಳ್ಲಾ. ನೀನು ಮಾತಾಡಿದಂಗೆಲ್ಲ ಬತ್ತಾ ಅವೆ ಕಣ್ಲಾ. ಮಾತಾಡ್ಬ್ಯಾಡ."

ಮಾತಾಡದೆ ಕುರಿ ಹೊರಡಿಸುವುದು ಹೇಗೆ? ಸುತ್ತ ಗಾಜು, ಕಲ್ಲು ಎಸೆಯುವಂತಿಲ್ಲ. ದೊಣ್ಣೆ ಬೀಸುವಂತಿಲ್ಲ. ಮಂದೆಯ ಜೊತೆಗಿದ್ದ ಒಂದು ಹೋತ ಅಷ್ಟರಲ್ಲಿ ಪ್ಲೇಟಿನ ಮೇಲೆ ಹತ್ತಿ ನಿಂತು ಸುತ್ತ ನೋಡಿತು. ಕೆಳಗೆ ಗಾಜು ಚಟ್ ಎಂದಿತು. ಉಳಿದವು ಪ್ಲೇಟುಗಳ ನೆರಳಿನಲ್ಲಿ ಹಸಿರು ಕಂಡು ಇನ್ನು ಜನ್ಮಕ್ಕೂ ತಲೆ ಎತ್ತುವುದಿಲ್ಲ ಎನ್ನುವಂತೆ ಮೇಯತೊಡಗಿದವು. ಅವನ್ನು ಹಿಂದಿನಿಂದ ಓಡಿಸಿದಷ್ಟೂ ಸಾಲುಗಳ ಒಳಗೊಳಗೆ ಹೋದವು.

ಆಗ ಅವನು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಮಂದೆಯ ಮುಂದೆ ಹೋಗಿ ನಿಂತು, ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಕರೆದು, ಹಿಂದಿರುಗಿ ನೋಡದೆ ನಡೆದ. ಕುರಿಗಳು ಬಾಯಲ್ಲಿದ್ದ ಹುಲ್ಲು ಅಗಿಯುತ್ತಲೇ ಹಿಂದೆ ಬಂದವು. ಕಿಂಡಿಯಲ್ಲಿ ತಿರುಗಿ ನುಸುಳಿಸಿದರೆ ಒಂದೆರಡು ಸಿಕ್ಕಿಕೊಂಡು ಸಾಯುತ್ತವೆ ಎಂದು ಪ್ಲೇಟುಗಳ ನಡುವಿನ ಅಷ್ಟುದ್ದದ ರಸ್ತೆ ಹಿಡಿದು ದೊಡ್ಡ ಗೇಟಿನವರೆಗೆ ಕರೆದುಕೊಂಡು ಹೋಗಿ ಹೊರಗೆ ಬಿಟ್ಟ. ಒಂದು ಕುರಿಯೂ ಹಿಂದೆ ಉಳಿಯಲಿಲ್ಲ. ಕುರಿ ಕಾಯುವವರು ನೋಡಿದ್ದರೆ ಶಭಾಷ್ ಎನ್ನುತ್ತಿದ್ದರು. ನೋಡಿದ್ದು ಕಂಬದ ಮೇಲಿನ ಕ್ಯಾಮೆರಾ.

ಮಧ್ಯಾಹ್ನ ಪರಮೇಶ್ ಆಫೀಸಿಗೆ ಕರೆದು, ಬಾಗಿಲು ಮುಂದೆ ಮಾಡಿ, ಪರದೆಯ ಮೇಲೆ ವಿಡಿಯೋ ಹಾಕಿದ. ಅದರಲ್ಲಿ ದನಿ ಇರಲಿಲ್ಲ. ಅವನು ಆಚೆ ಹೋಗಿ ಎಂದು ಕೂಗಿದ್ದು ಇರಲಿಲ್ಲ, ಕ್ಯಾತಪ್ಪ ಮಾತಾಡಬೇಡ ಎಂದಿದ್ದು ಇರಲಿಲ್ಲ. ಕಂಪನಿಯ ಯೂನಿಫಾರಂ ಹಾಕಿಕೊಂಡವನೊಬ್ಬ ರಾಜಗಾಂಭೀರ್ಯದಿಂದ ಮುಂದೆ ನಡೆಯುತ್ತಿದ್ದ, ಹಿಂದೆ ಕುರಿಗಳು ಮೆರವಣಿಗೆ ಬರುತ್ತಿದ್ದವು. ಅಷ್ಟೇ.

"ನೋಡಪ್ಪ, ನೀನೇ ನೋಡು. ಮುಂದೆ ನೀನು, ಹಿಂದೆ ಕುರಿ. ಮೇಯ್ಸ್ಕಂಡು ಹೊರಗ್ ಬಿಟ್ಟು ಬಂದಂಗೈತೆ. ಇದ್ನ ಬೆಂಗಳೂರಿನೋರಿಗೆ ಏನಂತ ಹೇಳ್ಲಿ?"

"ಹೊರಗೆ ಹೊರಡಿಸ್ದೆ ಅಂತ ಹೇಳಿ ಸಾರ್."

"ಕುರಿ ಹೊರಡ್ಸೋನು ಹಿಂದೆ ಇರ್ತಾನೆ ಕಣಯ್ಯ. ಅವರಿಗೆ ಗೊತ್ತಿರೋದು ಅಷ್ಟೇ."

"ಹಿಂದಿಂದ ಹೊಡುದ್ರೆ ಒಳಿಕ್ಕೆ ಹೋಗ್ತವೆ ಸಾರ್. ಮುಂದಿಂದ ಕರುದ್ರೇನೇ ಬರೋದು."

ಪರಮೇಶ್ ಅವನ ಮುಖವನ್ನೇ ನೋಡಿದ. ನಂಬಿದ. ನಂಬಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. "ನಂದೂ ಕಾಂಟ್ರಾಕ್ಟೇ ಕಣಪ್ಪ" ಎಂದು ದನಿ ತಗ್ಗಿಸಿದ. "ಪ್ಲೇಟು ಬೇರೆ ಹೋಗೈತೆ. ಯಾರ ಮೇಲಾದ್ರೂ ಹಾಕ್ಲೇಬೇಕು. ನಿಮ್ಮಪ್ಪ ತಂತಿ ಕಿತ್ತು ಕುರಿ ಬಿಟ್ಟ ಅಂತ ಠಾಣೆಲಿ ಒಂದು ಕಂಪ್ಲೇಂಟು ಕೊಡು, ನಿನ್ ಕೆಲ್ಸ ಉಳೀತೈತೆ. ಕರೆದು ಬೈದು ಕಳಿಸ್ತಾರೆ ಅಷ್ಟೇ. ಇಲ್ಲಾಂದ್ರೆ ನೀನಾಗೇ ಬಿಟ್ಟು ಹೋಗು. ನಾವೇ ತೆಗೆದ್ರೆ ಇನ್ನೆಲ್ಲೂ ಸೆಕ್ಯೂರಿಟಿ ಕೆಲ್ಸ ಸಿಗಲ್ಲ."

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಕ್ಯಾತಪ್ಪ ಬೀಡಿ ಆರಿಸಿ ಬಹಳ ಸಲೀಸಾಗಿ ಹೇಳಿದ. "ಕೊಡ್ಲಾ. ನಾನೇ ಕಿತ್ತೆ ಅಂತ ಕೊಡು. ಠಾಣೆಲಿ ಕುಂತು ಬತ್ತೀನಿ. ಮಂಡಿ ಹೋಗಿರೋ ಮುದುಕನ್ನ ಅವ್ರು ಏನ್ ಕಿತ್ಕಂತಾರೆ?"

ರೊಟ್ಟಿ ತಟ್ಟುತ್ತಿದ್ದ ಗೌರಕ್ಕ ತಲೆ ಎತ್ತಲಿಲ್ಲ. "ಇವತ್ತು ನಿಮ್ಮಪ್ಪ. ನಾಳಿಕ್ಕೆ ನಿಮ್ಮ ಚಿಕ್ಕಪ್ಪನ ಕುರಿ ಬತ್ತವೆ. ನಾಳಿದ್ದು ನಮ್ಮಣ್ಣಂದು. ಹಟ್ಟಿಯೋರ ಮೇಲೆಲ್ಲ ಕಂಪ್ಲೇಂಟು ಕೊಟ್ಟು, ಮದ್ವೆಗೆ ಯಾರ್ನ ಕರೀತೀಯ?"

ಆಮೇಲೆ ಕ್ಯಾತಪ್ಪನೇ ಇನ್ನೊಂದು ದಾರಿ ಹುಡುಕಿದ. "ಅಂಗಾರೆ ಮಾರ್ಬುಡಾನ. ಕುರಿನೇ ಇಲ್ದಿದ್ರೆ ನಿನ್ ದನಿಗೆ ಬರೋರು ಯಾರು?"

"ಮಾರಿ ನೀನೇನ್ ಮಾಡ್ತೀಯಪ್ಪ?"

"ಕುಂತ್ಕತೀನಿ."

ಕ್ಯಾತಪ್ಪ ಬದುಕಿನಲ್ಲಿ ಯಾವತ್ತೂ ಕುಂತವನಲ್ಲ. ಹೆಂಗೆ ಕೂರಬೇಕು ಎಂಬುದೂ ಅವನಿಗೆ ತಿಳಿಯದು. ಮಗ ಎದ್ದು ಹೊರಗೆ ಬಂದು ಚಿತ್ರಾಗೆ ಫೋನು ಮಾಡಿದ. ನಡೆದದ್ದನ್ನೆಲ್ಲ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ನನಗೋಸ್ಕರ ಕುರಿ ಮಾರಿಸ್ಬೇಡಿ" ಎಂದಳು ಕೊನೆಗೆ. "ನಾಳೆ ಆ ಮನೆಗೆ ನಾನು ಬಂದ್ರೆ, ನಿಮ್ಮಪ್ಪ ಸುಮ್ನೆ ಕೂತಿರೋದು ನೋಡ್ತಾ ಇರ್ಬೇಕಾಗ್ತದೆ. ನಮ್ಮಪ್ಪ ಅಂಗೇ ಕೂತಿದಾರೆ ಈಗ, ನಂಗೆ ಗೊತ್ತು."

"ಮತ್ತೆ ಕೆಲ್ಸ ಬುಡ್ಲಾ?"

ಲೈನು ಹೋಯಿತೇ ಎಂದು ಅವನು ಮೊಬೈಲು ನೋಡಿಕೊಂಡ.

"ಬಿಡಿ ಅಂದ್ರೆ ನಮ್ಮಪ್ಪ ಒಪ್ಪಲ್ಲ. ಬಿಡ್ಬೇಡಿ ಅಂದ್ರೆ ನಿಮ್ಮಪ್ಪನ್ನ ಠಾಣೆಗೆ ಕಳ್ಸಿ ಅಂದಂಗಾಗ್ತದೆ. ನಾನು ಯಾವ್ದನ್ನ ಹೇಳ್ಲಿ ಹೇಳಿ? ನಂಗೆ ಹೇಳಕ್ಕೆ ಏನೂ ಉಳಿದಿಲ್ಲ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಅವನು ಏನಾದರೂ ಸಮಾಧಾನ ಹೇಳಬಹುದಿತ್ತು.

ಮಾರನೆಯ ಬೆಳಗ್ಗೆ ಚಿಕ್ಕರಾಜು ಯೂನಿಫಾರಂ ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟ. ನಾನಾಗಿಯೇ ಬಿಡುತ್ತಿದ್ದೇನೆ ಎಂದು ಬಾಯಲ್ಲಿ ಹೇಳಿದ, ಪರಮೇಶ್ ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಆ 'ನಾನಾಗಿಯೇ' ಎಂಬ ಮಾತು ಎಷ್ಟು ಸುಳ್ಳು ಎಂದು ಅಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ನಮ್ಮ ನಾಡಿನಲ್ಲಿ ಬಡವರು ಬಿಟ್ಟ ಕೆಲಸಗಳನ್ನೆಲ್ಲ ಅವರಾಗಿಯೇ ಬಿಟ್ಟಿದ್ದಾರೆ, ವಿಚಾರಿಸಿ ನೋಡಿ.

"ಟೀ ಕುಡಿ ಬಾ" ಎಂದ ಪರಮೇಶ್.

"ಬ್ಯಾಡಿ ಸಾರ್."

"ತಪ್ಪು ತಿಳ್ಕಬ್ಯಾಡ." ಗೇಟಿನವರೆಗೂ ಬಂದ ಪರಮೇಶ್ ಸ್ವಲ್ಪ ತಡೆದು, ಬೇರೆ ಕಡೆ ನೋಡುತ್ತ ಕೇಳಿದ: "ನಿಮ್ಮ ಹಟ್ಟಿಲಿ ಬೇರೆ ಯಾರಾದ್ರೂ ಹುಡುಗ್ರು ಇದ್ರೆ ಕಳ್ಸು. ಕುರಿ ಇಲ್ದಿರೋರು."

ಕುರಿ ಇಲ್ಲದವರು ಆ ಹಟ್ಟಿಯಲ್ಲಿ ಇಲ್ಲ. ಚಿಕ್ಕರಾಜು ಹೂಂ ಎಂದು ಬಂದ.

ಪೆದ್ದಣ್ಣ ಕೋಪದಿಂದ ಮಾತಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಹುಡ್ಗ ಒಳ್ಳೇವ್ನೇ, ಎವರು ಕಾದನ್ನಾರು? ಅಲ್ಲ ಅಂದೋರು ಯಾರು? ಸದ್ಯಕ್ಕೆ ಇರ್ಲಯ್ಯಾ, ಮುಂದೆ ನೋಡಾನ" ಎಂದು ಫೋನಿಟ್ಟರು. ಮುಂದಕ್ಕೆ ಹಾಕಿದ್ದಾರೆ ಎಂದು ಗೌರಕ್ಕ ಕೇಳಿದವರಿಗೆಲ್ಲ ಹೇಳುತ್ತಾಳೆ. ಎಲ್ಲಿಗೆ ಮುಂದಕ್ಕೆ ಎಂದು ಯಾರೂ ಕೇಳುವುದಿಲ್ಲ. ಚಿತ್ರಾ ಈಗ ಫೋನು ಎತ್ತುವುದಿಲ್ಲ. ಅವನೂ ಮಾಡುವುದು ಕಡಿಮೆ ಮಾಡಿದ್ದಾನೆ.

ಹಳ್ಳದ ಕಿಂಡಿಗೆ ಸಿಮೆಂಟು ಬಿತ್ತು, ಬೇಲಿ ಪಕ್ಕದ ಕಿರುಜಾಗಕ್ಕೂ ಕುರಿ ಬಿಡುವಂತಿಲ್ಲ ಎಂದಾಯಿತು. ಕಟ್ಟೆಗೆ ಹೋಗಲು ಕುರಿಗಳಿಗೆ ಈಗ ಉಳಿದಿರುವುದು ಬೇಲಿ ಸುತ್ತಿ ಹೋಗುವ ಟಾರು ರಸ್ತೆಯೊಂದೇ. ಕಲ್ಲು ತುಂಬಿದ ಲಾರಿಗಳು ಅಲ್ಲಿ ನಿಲ್ಲುವುದಿಲ್ಲ, ಹಾರನ್ನು ಹೊಡೆಯುತ್ತವೆ. ಮಂದೆಯ ಮುಂದೆ ಚಿಕ್ಕರಾಜು ಕೆಂಪು ಟವೆಲು ಬೀಸುತ್ತ ಹೋಗುತ್ತಾನೆ, ಹಿಂದೆ ಕ್ಯಾತಪ್ಪ ಕುಂಟುತ್ತ ಬರುತ್ತಾನೆ. ಈಚೆಗೆ ಎರಡು ಮರಿಗಳು ಚಕ್ರದಡಿಗೆ ಹೋದವು. ಲಾರಿಯವನು ಇಳಿದು ಬಂದು ಬೈದ, ರಸ್ತೆ ಏನು ನಿಮ್ಮಪ್ಪಂದಾ ಎಂದ. ಕ್ಯಾತಪ್ಪ ಕೈಮುಗಿದ. ಅಪ್ಪ ಯಾರಿಗೂ ಕೈಮುಗಿದದ್ದನ್ನು ಚಿಕ್ಕರಾಜು ಅದುವರೆಗೆ ನೋಡಿರಲಿಲ್ಲ. ನೋಡಿ, ಟವೆಲು ಹಿಡಿದು ಸುಮ್ಮನೆ ನಿಂತ. ಅವನ ಕೈಲಿ ಮಾಡಲು ಬೇರೇನೂ ಇರಲಿಲ್ಲ.

ನಿಮ್ಮ ಕೈಲಿ ಇದೆ. ಇಂಥ ಬೇಲಿ ನಾಳೆ ನಿಮ್ಮೂರಿಗೂ ಬರಬಹುದು, ಬಡವನಹಳ್ಳಿಗೋ ಕೊರಟಗೆರೆಗೋ. ಗುತ್ತಿಗೆಯ ಮಾತಿಗೆ ಊರ ಸಭೆ ಕರೆಯುತ್ತಾರೆ, ಪಹಣಿ ಇರುವ ನಿಮಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕುತ್ತಾರೆ. ಹೋಗಿ. ಆದರೆ ಒಪ್ಪಿಗೆ ಎಂದು ಕೈ ಎತ್ತುವ ಮೊದಲು ಎದ್ದು ನಿಂತು, ಕುರಿ ಯಾವ ದಾರಿಯಲ್ಲಿ ಹೋಗಬೇಕು ಎಂದು ಕೇಳಿ. ನಕ್ಷೆಯ ಮೇಲೆ ಆ ದಾರಿಯನ್ನು ಗೆರೆ ಎಳೆದು ತೋರಿಸುವವರೆಗೆ ಕೂತುಕೊಳ್ಳಬೇಡಿ.